ಪಂದಿ ಹಂದಿಯಾದ ಕಥೆ

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ ಸೀಮೆಯಲ್ಲಿರುವ ಹೊನವಾಡಕ್ಕೆ ಸುಮಾರು ಸಾವಿರ ವರ್ಷಗಳ ಹಿಂದೆ ಪೊನ್ನವಾಡವೆಂಬ ಹೆಸರಿದ್ದಿತು. ಶಕ 976ರ, ಎಂದರೆ ಕ್ರಿ. ಶ. 1054ರ ಅಲ್ಲಿಯ ಶಾಸನವೊಂದರಲ್ಲಿ ಊರ ಹೆಸರು ಹಾಗೆಯೇ ಬಂದಿದೆ. ಮುಂದೆ ಕನ್ನಡದ ಪದಗಳ ಮೊದಲಲ್ಲಿದ್ದ ಪಕಾರವು ಹಕಾರಕ್ಕೆ ತಿರುಗಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪೊನ್ನು ಹೊನ್ನಾಯಿತು, ಪೊನ್ನವಾಡವು ಹೊನವಾಡವಾಯಿತು. ಅದೇ ನಿಯಮಕ್ಕೆ ಒಳಗಾಗಿ ಹಳಗನ್ನಡದ ಪಂದಿಯು ಹಂದಿಯಾಯಿತು. ತೆಲುಗರು ಇಂದಿಗೂ ಪಂದಿಯೆಂದೇ ಅನ್ನುತ್ತಾರೆ, ಕೊಡವರೂ ಪಂದಿಯೆಂದೇ ಅನ್ನುತ್ತಾರೆ.

ಊರಿನ ಹೆಸರೂ ಪ್ರಾಣಿಯ ಹೆಸರೂ ಒಂದೇ ದಾರಿಯಲ್ಲಿ ನಡೆದುಬಂದವು. ಆದರೆ ಊರಿಗೆ ಹೊನ್ನಿನ ಮಾನ ಉಳಿಯಿತು. ಪಂದಿಯು ಹಂದಿಯಾಗುವ ಹೊತ್ತಿಗೆ ಅದರ ಮಾನವೇ ಹೋಯಿತು. ಅದರ ಹೆಸರು ಒಂದು ಬೈಗುಳವಾಯಿತು. ಈ ಮಾನಹಾನಿಯ ಇತಿಹಾಸವು ಕೇವಲ ಶಬ್ದಪಂಡಿತರ ಕುತೂಹಲದ ವಿಷಯವಲ್ಲ. ಇತ್ತೀಚೆಗೆ ನಮ್ಮ ಪಟ್ಟಣಗಳಲ್ಲಿ ಹಂದಿಯ ಹೊಟ್ಟೆಯ ಮಾಂಸವನ್ನು ತಂದು, ಉಪ್ಪು ಹಾಕಿ, ಹೊಗೆಯಾಡಿಸಿ, ಮನೆಯಲ್ಲಿಯೇ ಬೇಕನ್ ಮಾಡಿಕೊಳ್ಳುವ ಹವ್ಯಾಸಿಗಳು ಕಾಣಿಸಿಕೊಂಡಿದ್ದಾರೆ. ಅವರೆಲ್ಲರ ಮೊದಲನೆಯ ಪ್ರಶ್ನೆ ಒಂದೇ: ಒಳ್ಳೆಯ ಮಾಂಸ ಎಲ್ಲಿ ಸಿಕ್ಕೀತು? ಉಪ್ಪು ಹಾಕುವುದನ್ನು ಒಂದು ದಿನದಲ್ಲಿ ಕಲಿಯಬಹುದು. ನೆಚ್ಚಬಹುದಾದ ಮಾಂಸವನ್ನು ದೊರಕಿಸುವುದೇ ಕಷ್ಟ. ಕನ್ನಡ ನಾಡಿನಲ್ಲಿ ಇದು ಏಕೆ ಕಷ್ಟವಾಯಿತು, ಹಿಂದೆಯೂ ಹೀಗೆಯೇ ಇದ್ದಿತೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಲಾಂಛನವೂ ಅಡುಗೆಮನೆಯೂ

ಹೊನವಾಡದ ಶಾಸನವನ್ನು ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರಕಟಿಸಿದರು. ಆಗ ಆಳುತ್ತಿದ್ದವನು ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರ. ಅವನ ರಾಣಿ ಕೇತಲದೇವಿಯು ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದಳು. ಚಾಂಕಿರಾಜನೆಂಬ ಅಧಿಕಾರಿಯು ಅಲ್ಲಿ ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿದ್ದನು. ರಾಣಿಯ ಬಿನ್ನಹದಂತೆ ಅರಸನು ಅದಕ್ಕೆ ದತ್ತಿಯನ್ನು ಬಿಟ್ಟನು. ಅಗ್ರಹಾರವೂ ಬಸದಿಯೂ ಇದ್ದ ಊರು. ಮಾಂಸದ ಮಾತನ್ನು ಆಡುವುದಕ್ಕೆ ಇದಕ್ಕಿಂತ ಒಲ್ಲದ ಸ್ಥಳ ಇನ್ನೊಂದಿಲ್ಲವೆಂದು ವಾಚಕರು ಅಂದುಕೊಂಡಾರು.

ಆದರೆ ಆ ದತ್ತಿಯನ್ನು ಕೊಟ್ಟ ಅರಸುಮನೆತನದ ಲಾಂಛನ ಯಾವುದು? ವರಾಹ. ಬಾದಾಮಿಯ ಚಾಲುಕ್ಯರ ಕಾಲದಿಂದಲೂ ಆ ವಂಶದ ತಾಮ್ರಪಟಗಳು ವರಾಹರೂಪಿಯಾದ ವಿಷ್ಣುವಿನ ಸ್ತುತಿಯಿಂದ ಮೊದಲಾಗುತ್ತಿದ್ದವು. ಕ್ರಿ. ಶ. 578ರಲ್ಲಿ ಮುಗಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿಹಿಡಿದ ಆದಿವರಾಹನ ಮೂರ್ತಿಯನ್ನು ಇಂದಿಗೂ ಕಾಣಬಹುದು. ಚಿನ್ನದ ನಾಣ್ಯಕ್ಕೆ ವರಹವೆಂಬ ಹೆಸರು ಬಂದುದೂ ಈ ಪ್ರಾಣಿಯಿಂದಲೇ. ಕಾಡುಹಂದಿಯ ಶೌರ್ಯವನ್ನೂ ನಮ್ಮವರು ಮೆಚ್ಚಿಕೊಂಡಿದ್ದರು. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವಿನ ಒಂದು ಕಲ್ಲಿದ್ದಿತು. ಕಾಳಿಯೆಂಬ ಬೇಟೆನಾಯಿಯು ದೊಡ್ಡ ಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಿತೆಂದು ಆ ನಾಯಿಯ ನೆನಪಿಗಾಗಿ ನಿಲ್ಲಿಸಿದ ಕಲ್ಲು ಅದು. ನಾಯಿಗೆ ಈ ಗೌರವ ಸಲ್ಲಬೇಕಾದರೆ ಎದುರಾಳಿಯೂ ಹೀನವಾದುದಾಗಿರಲಾರದು.

ಇನ್ನು ಅಡುಗೆಮನೆಯ ಸಂಗತಿ. ಹೊನವಾಡದ ದತ್ತಿಯನ್ನು ಕೊಟ್ಟ ಸೋಮೇಶ್ವರನ ಮೊಮ್ಮಗನೇ ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ. ಅವನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ನೂರು ಅಧ್ಯಾಯಗಳ ದೊಡ್ಡ ಕೋಶ. ರಾಜನೀತಿ, ಕೋಟೆ, ಆನೆ, ಸಂಗೀತ, ಚಿತ್ರ, ಬೇಟೆ ಮುಂತಾದ ವಿಷಯಗಳೊಡನೆ ಅನ್ನಭೋಗವೆಂಬ ಅಧ್ಯಾಯವೂ ಅದರಲ್ಲಿದೆ. ಅಲ್ಲಿ ವರಾಹಲಾಂಛನದ ಈ ಅರಸನು ಹಂದಿಯನ್ನು ಬೇಯಿಸುವ ಕ್ರಮವನ್ನು ಯಾವ ಸಂಕೋಚವೂ ಇಲ್ಲದೆ ವಿವರಿಸಿದ್ದಾನೆ. ಹಂದಿಯ ಮೇಲೆ ಬಟ್ಟೆಯನ್ನು ಹೊದಿಸಿ, ಬಿರುಗೂದಲು ಕಿತ್ತರೆ ಬರುವವರೆಗೆ ಕುದಿನೀರನ್ನು ಸುರಿಯಬೇಕು. ಇಲ್ಲವೆ ಮೈಗೆ ಮಣ್ಣನ್ನು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಆಮೇಲೆ ತೊಳೆದು, ಬೆಂಕಿಯ ಮೇಲೆ ಹದವಾಗಿ ಸುಟ್ಟು, ತುಂಡುಮಾಡಿ ಬೇಯಿಸಬೇಕು. ತಾಳೆಗರಿಯಷ್ಟು ತೆಳುವಾಗಿ ಸೀಳಿದ ಹೋಳುಗಳನ್ನು ಮೊಸರಿನೊಡನೆ ಬಡಿಸುವ ಬಗೆಯನ್ನೂ ಅವನು ಹೇಳುತ್ತಾನೆ.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದನೆಯದು, ತೊಗಲನ್ನು ಸುಲಿದು ಎಸೆಯದೆ ಕೂದಲನ್ನು ಮಾತ್ರ ತೆಗೆಯುವ ಈ ಕ್ರಮ. ಹಂದಿಯ ರುಚಿಯೆಲ್ಲ ತೊಗಲಿಗೆ ಅಂಟಿದ ನೆಣದಲ್ಲಿದೆಯೆಂಬುದನ್ನು ಅರಸನ ಬಾಣಸಿಗರು ಬಲ್ಲವರಾಗಿದ್ದರು. ಇಂದು ಬೇಕನ್ ಮಾಡುವವನು ಬಯಸುವುದೂ ಇದನ್ನೇ: ತೊಗಲು, ನೆಣ, ಮಾಂಸ, ಮತ್ತೆ ನೆಣ, ಮತ್ತೆ ಮಾಂಸ ಎಂದು ಪದರು ಪದರಾಗಿ ಕೂಡಿದ ಹೊಟ್ಟೆಯ ಭಾಗ. ಎರಡನೆಯದು, ಈ ವಿವರ ಬಂದುದು ಸಂಸ್ಕೃತದಲ್ಲಿ. ಇದಕ್ಕಿಂತ ನೂರು ವರ್ಷ ಮೊದಲು, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಬರೆದ ಕನ್ನಡದ 'ಲೋಕೋಪಕಾರ'ದಲ್ಲಿಯೂ ಅಡುಗೆಯ ಅಧ್ಯಾಯವಿದೆ. ಅದು ಶಾಕಪಾಕವನ್ನು ಹೇಳುತ್ತದೆ. ಮುಂದೆ ಬಂದ ಮಂಗರಸನ 'ಸೂಪಶಾಸ್ತ್ರ'ವೂ ಹಾಗೆಯೇ. ಹೀಗೆ ನಾಡಿನ ಒಲೆಗಳ ಮೇಲೆ ಬೇಯುತ್ತಿದ್ದ ಮಾಂಸವು ನಾಡನುಡಿಯ ಪಾಕಗ್ರಂಥಗಳಲ್ಲಿ ಎಡೆಯನ್ನು ಪಡೆಯಲಿಲ್ಲ. ಬಲ್ಲವರು ಬರೆಯಲಿಲ್ಲ, ಬರೆದವರು ತಿನ್ನುವವರಾಗಿರಲಿಲ್ಲ. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿದ ವಿದ್ಯೆಯು ಆ ಕೈಗಳು ಬಡವಾದಂತೆ ತಾನೂ ಬಡವಾಗುತ್ತದೆ.

ಪೇಸನು ಕಂಡ ಬೀದಿ

ಒಳ್ಳೆಯ ಹಂದಿಮಾಂಸವನ್ನು ಕನ್ನಡ ನಾಡಿನ ಸಂತೆಯಲ್ಲಿ ಕಣ್ಣಾರೆ ಕಂಡು ಬರೆದಿಟ್ಟವನು ಒಬ್ಬ ಪರದೇಶಿ. 1520ರ ಸುಮಾರಿಗೆ ಕೃಷ್ಣದೇವರಾಯನ ವಿಜಯನಗರಕ್ಕೆ ಬಂದ ಪೋರ್ಚುಗೀಜ ದೊಮಿಂಗೊ ಪೇಸನ ಬರಹವನ್ನು ಸಿವೆಲ್ ಸಾಹೇಬರು 1900ರಲ್ಲಿ ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸಿದರು. ಅದರಲ್ಲಿ ನಗರದ ಮಾಂಸದ ವ್ಯಾಪಾರದ ವಿವರವಿದೆ. ಬೀದಿಬೀದಿಯಲ್ಲಿ ಕುರಿಯ ಮಾಂಸ ದೊರೆಯುತ್ತಿದ್ದಿತಂತೆ. ಕೆಲವು ಬೀದಿಗಳ ಕಟುಕರ ಮನೆಗಳಲ್ಲಿ ಹಂದಿಗಳೂ ಇದ್ದವು. ಅವು ಎಷ್ಟು ಬಿಳುಪಾಗಿ, ಎಷ್ಟು ನಿರ್ಮಲವಾಗಿ ಇದ್ದವೆಂದರೆ ಅದಕ್ಕಿಂತ ಉತ್ತಮವಾದುದನ್ನು ಯಾವ ದೇಶದಲ್ಲಿಯೂ ಕಾಣುವಂತಿಲ್ಲವೆಂಬುದು ಅವನ ಅಭಿಪ್ರಾಯ. ಒಂದು ಹಂದಿಗೆ ನಾಲ್ಕೈದು ಪಣ ಬೆಲೆಯೆಂದೂ ಅವನು ತಿಳಿಸಿದ್ದಾನೆ.

ಈ ಮಾತಿಗೆ ಬೆಲೆಯಿದೆ. ಏಕೆಂದರೆ ಪೇಸನು ಹಂದಿಮಾಂಸದ ವಿಷಯದಲ್ಲಿ ಅರಸಿಕನಲ್ಲ. ಪೋರ್ಚುಗೀಜರ ಊಟದಲ್ಲಿ ಹಂದಿಗೆ ದೊಡ್ಡ ಸ್ಥಾನ. ಹಡಗಿನ ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ಉಪ್ಪಿಕ್ಕಿದ ಹಂದಿಯೇ ಅವರಿಗೆ ಬುತ್ತಿ. ಅಂಥವನು ನಮ್ಮ ಕಟುಕರ ಬೀದಿಯನ್ನು ಕಂಡು ತಲೆದೂಗಿದನು. ಬೆಲೆಯನ್ನೂ ನೋಡಬೇಕು. ಒಂದು ಪರದಾವ್ ಎಂಬ ಚಿನ್ನದ ನಾಣ್ಯಕ್ಕೆ ಹನ್ನೆರಡು ಜೀವಂತ ಕುರಿಗಳು ಬರುತ್ತಿದ್ದವೆಂದು ಅವನೇ ಹೇಳುತ್ತಾನೆ. ಆ ನಾಣ್ಯಕ್ಕೆ ಹತ್ತು ಪಣವೆಂದು ಹಿಡಿದರೂ ಇಪ್ಪತ್ತೆಂದು ಹಿಡಿದರೂ ಒಂದು ಹಂದಿಯ ಬೆಲೆಯು ಒಂದು ಕುರಿಯ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚೇ ಆಗುತ್ತದೆ. ಎಂದರೆ ಅದು ಗತಿಯಿಲ್ಲದವರು ತಿನ್ನುವ ಅಗ್ಗದ ಸರಕಾಗಿರಲಿಲ್ಲ. ಅರಸರೂ ಅದನ್ನು ತಿನ್ನುತ್ತಿದ್ದರೆಂಬುದಕ್ಕೆ ಕೆಲವು ವರ್ಷಗಳ ಅನಂತರ ಬಂದ ನೂನಿಜನ ಬರಹವೇ ಸಾಕ್ಷಿ. ವಿಜಯನಗರದ ಅರಸರು ದನದ ಮಾಂಸವೊಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಪಕ್ಷಿಗಳನ್ನೆಲ್ಲ ತಿನ್ನುತ್ತಿದ್ದರೆಂದು ಅವನು ಬರೆದಿದ್ದಾನೆ.

ಈ ನಗರವು ಹಾಳಾದುದು 1565ರಲ್ಲಿ. ಆ ಯುದ್ಧಕ್ಕೆ ಹೆಸರನ್ನು ಕೊಟ್ಟ ತಾಳಿಕೋಟೆಯು ಇಂದಿನ ವಿಜಯಪುರ ಜಿಲ್ಲೆಯಲ್ಲಿಯೇ ಇದೆ. ಸಾಮ್ರಾಜ್ಯದ ವೈಭವವೆಲ್ಲ ಹೋದಾಗ ಕಟುಕರ ಆ ಬಿಳಿಯ ಬೀದಿಯೂ ಹೋಯಿತೆಂಬುದನ್ನು ಯಾರೂ ಎಣಿಕೆಗೆ ತಂದುಕೊಂಡಿಲ್ಲ.

ಉಪ್ಪು, ಹುಳಿ, ಹೊಗೆ

ವಿಜಯಪುರದ ಸೀಮೆಯಲ್ಲಿ ಆದಿಲಶಾಹಿ ಅರಸರು 1490ರಿಂದ 1686ರವರೆಗೆ ಆಳಿದರು. ಅವರ ಧರ್ಮದಲ್ಲಿ ಹಂದಿ ನಿಷಿದ್ಧ. ಆದರೆ ಹಂದಿಯು ಪೇಟೆಯನ್ನು ಬಿಟ್ಟುಹೋದುದಕ್ಕೆ ಅದೊಂದನ್ನೇ ಕಾರಣವೆಂದು ಹೇಳುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಜೈನರೂ ಬ್ರಾಹ್ಮಣರೂ ಲಿಂಗಾಯತರೂ ಮಾಂಸವನ್ನೇ ಒಲ್ಲದವರು. ಮರಾಠ, ಕುರುಬ ಮೊದಲಾದವರಿಗೆ ಕುರಿ ಕೋಳಿಗಳೇ ಹೆಚ್ಚು ಒಗ್ಗಿದವು. ಹೀಗೆ ಹಲವು ಮನೆಗಳ ಬಾಗಿಲು ಮುಚ್ಚಿದಾಗ ಹಂದಿಯು ಊರ ಹೊರಗಿನ ಕೇರಿಯನ್ನು ಸೇರಿತು. ಕೊರವ, ಕೊರಮ, ಹಂದಿಜೋಗಿ ಮೊದಲಾದ ಸಮುದಾಯಗಳು ಅದನ್ನು ಸಾಕಿಕೊಂಡು ಬಂದವು. ಅವರಿಗೆ ಹೊಲವಿಲ್ಲ, ಕಣವಿಲ್ಲ, ಕಾಳು ಹಾಕಿ ಹಂದಿಯನ್ನು ಕೊಬ್ಬಿಸುವ ಶಕ್ತಿಯಿಲ್ಲ. ಹಂದಿಯು ಊರ ಹೊಲಸನ್ನು ತಿಂದು ಬದುಕಿತು. ಊರು ತನ್ನ ಹೊಲಸನ್ನು ಅದಕ್ಕೆ ತಿನ್ನಿಸಿ, ಆಮೇಲೆ ಅದನ್ನೂ ಅದರ ಒಡೆಯನನ್ನೂ ಹೊಲಸೆಂದು ಕರೆಯಿತು.

ವಿಚಿತ್ರವೆಂದರೆ, 1510ರಲ್ಲಿ ಪೋರ್ಚುಗೀಜರು ಇದೇ ಆದಿಲಶಾಹಿಯಿಂದ ಕಿತ್ತುಕೊಂಡ ಗೋವೆಯಲ್ಲಿ ಹಂದಿಮಾಂಸವನ್ನು ಕಾಪಿಡುವ ಕಲೆಯು ಬೇರೊಂದು ರೀತಿಯಲ್ಲಿ ಬೆಳೆಯಿತು. ಇಲ್ಲಿ ಆ ಕಲೆಯ ಮರ್ಮವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಉಪ್ಪು ಮಾಂಸದ ನೀರನ್ನು ಹೀರುತ್ತದೆ. ಕೊಳೆಯಿಸುವ ಜೀವಾಣುಗಳು ಬೆಳೆಯದಂತೆ ಮಾಡುತ್ತದೆ. ಆದರೆ ದಪ್ಪನೆಯ ತುಂಡಿನ ನಡುವಿಗೆ ಉಪ್ಪು ಇಳಿಯಲು ದಿನಗಳು ಬೇಕು. ಚಳಿಯ ದೇಶದಲ್ಲಿ ಅಷ್ಟು ದಿನ ಮಾಂಸ ಕೆಡದೆ ಇರುತ್ತದೆ. ನಮ್ಮ ಬಿಸಿಲಿನಲ್ಲಿ ಉಪ್ಪು ಒಳಗೆ ಮುಟ್ಟುವ ಮೊದಲೇ ಎಲುಬಿನ ಬದಿಯಲ್ಲಿ ನಾತ ಹುಟ್ಟುತ್ತದೆ. ಇಂಗ್ಲೆಂಡಿನಲ್ಲಿಯೂ ಬೇಕನ್ ಮೊದಲು ಚಳಿಗಾಲದ ಕೆಲಸವೇ ಆಗಿದ್ದಿತು. ವಿಲ್ಟ್‌ಷೈರ್ ಪ್ರಾಂತದ ಕಾನ್ ಎಂಬ ಊರಿನ ಹ್ಯಾರಿಸ್ ಮನೆತನದವರು ಮಂಜುಗಡ್ಡೆಯ ಕೋಣೆಯಲ್ಲಿ ಮಾಂಸಕ್ಕೆ ಉಪ್ಪಿಕ್ಕುವ ಕ್ರಮಕ್ಕೆ 1864ರಲ್ಲಿ ಹಕ್ಕುಪತ್ರವನ್ನು ಪಡೆದ ಮೇಲೆಯೇ ಅದು ವರ್ಷವಿಡೀ ನಡೆಯುವ ಉದ್ಯಮವಾಯಿತು.

ಮಂಜುಗಡ್ಡೆಯಿಲ್ಲದ ನಮ್ಮ ಕಡಲತೀರದವರು ಮತ್ತು ಮಲೆನಾಡಿನವರು ಬೇರೆ ಉಪಾಯವನ್ನು ಹೂಡಿದರು. ಗೋವೆಯವರು ಮಾಂಸವನ್ನು ಚಿಕ್ಕ ಚಿಕ್ಕ ತುಂಡುಮಾಡಿ, ಉಪ್ಪಿನೊಡನೆ ಕಳ್ಳಿನ ಹುಳಿ, ಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಬೆರೆಸಿ, ಕರುಳಿನಲ್ಲಿ ತುಂಬಿ ಒಣಗಿಸಿದರು. ತುಂಡು ಚಿಕ್ಕದಾದ್ದರಿಂದ ಉಪ್ಪು ಬೇಗ ಇಳಿಯಿತು. ಹುಳಿಯು ಉಪ್ಪಿನ ಕೆಲಸಕ್ಕೆ ಹೆಗಲು ಕೊಟ್ಟಿತು. ಈ ಚೌರಿಸು ಘಟ್ಟವನ್ನು ಹತ್ತಿ ಬೆಳಗಾವಿಯ ಪೇಟೆಯವರೆಗೂ ಬಂದಿದೆ. ಗೋವೆಯಿಂದ ವಲಸೆ ಬಂದ ಕ್ರೈಸ್ತರು ಮಂಗಳೂರಿನ ಸೀಮೆಗೂ ತಮ್ಮ ಹಂದಿಯ ಅಡುಗೆಯನ್ನು ತಂದರು. ಕೊಡಗಿನಲ್ಲಿ ಕಾಚಂಪುಳಿಯೆಂಬ ಕಪ್ಪನೆಯ ಹುಳಿರಸವು ಇದೇ ಕೆಲಸವನ್ನು ಮಾಡಿತು. ಮಳೆಗಾಲದಲ್ಲಿ ಒಲೆಯ ಮೇಲಿನ ಹೊಗೆಯಲ್ಲಿ ಮಾಂಸವನ್ನು ಒಣಗಿಸಿಡುವ ಪದ್ಧತಿಯೂ ಅಲ್ಲಿ ಇದ್ದಿತು. ಕೈಲ್ ಪೊಳ್ದಿನ ಹಬ್ಬದಲ್ಲಿ ಕಡಂಬುಟ್ಟಿನೊಡನೆ ಪಂದಿಕರಿ ಇಲ್ಲದ ಮನೆ ಅಪರೂಪ. ಅಲ್ಲಿ ಪಂದಿಯು ಹಂದಿಯಾಗಲಿಲ್ಲ, ಶಬ್ದದಲ್ಲಿಯೂ ಇಲ್ಲ, ಮಾನದಲ್ಲಿಯೂ ಇಲ್ಲ. ತಿನ್ನುವವನೂ ಸಾಕುವವನೂ ಒಬ್ಬನೇ ಆದಲ್ಲಿ ಪ್ರಾಣಿಗೆ ಒಳ್ಳೆಯ ಮೇವು ದೊರೆಯುತ್ತದೆ ಎಂಬುದೇ ಇದರ ತಾತ್ಪರ್ಯ. 1972ರ ವನ್ಯಜೀವಿ ಕಾನೂನಿನ ಮೇಲೆ ಕಾಡುಹಂದಿಯ ಬೇಟೆ ನಿಂತರೂ ಕೊಡಗಿನ ಅಡುಗೆ ನಿಲ್ಲದೆ ಇದ್ದುದಕ್ಕೆ ಕಾರಣ ಸಾಕಿದ ಹಂದಿಯೇ.

ಕಾಳು ಕಟ್ಟಿದ ಮಾಂಸ

ಇಂಗ್ಲಿಷರ ದಂಡುಗಳು ಬೆಳಗಾವಿ, ಬೆಂಗಳೂರುಗಳಲ್ಲಿ ಬೀಡುಬಿಟ್ಟಾಗ ಬೇಕನ್ ಎಂಬ ಶಬ್ದವು ನಮ್ಮ ಕಿವಿಗೆ ಬಿದ್ದಿತು. ಆ ದಂಡಿನವರ ಚರಿತ್ರೆಯಲ್ಲಿ ಒಂದು ಭಯಂಕರವಾದ ಅಧ್ಯಾಯವಿದೆ. 1930ರ ದಶಕದಲ್ಲಿ ಲಂಡನ್ನಿನ ಸೈನ್ಯದ ಆಸ್ಪತ್ರೆಯಲ್ಲಿದ್ದ ಮ್ಯಾಕ್‌ಆರ್ಥರ್ ಎಂಬ ವೈದ್ಯರು, ಭಾರತದಲ್ಲಿ ಸೇವೆ ಮಾಡಿ ಮರಳಿದ ಸಿಪಾಯಿಗಳಲ್ಲಿ ಹಲವರಿಗೆ ಮೂರ್ಛೆರೋಗ ಬರುವುದನ್ನು ಕಂಡರು. ಕಾರಣವನ್ನು ಹುಡುಕಿದಾಗ ಅವರ ಮಿದುಳಿನಲ್ಲಿ ಹಂದಿಯ ಲಾಡಿಹುಳುವಿನ ಮರಿಗಳು ಗುಳ್ಳೆಕಟ್ಟಿಕೊಂಡು ಕುಳಿತಿದ್ದವು. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಎಂಬವರು ಇಂತಹ 450 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಬಹುಮಂದಿ ಭಾರತದಲ್ಲಿದ್ದು ಬಂದವರು.

ಹಂದಿಯ ಮಾಂಸದಲ್ಲಿ ಅಕ್ಕಿಯ ಕಾಳಿನಂತೆಯೋ ಸಾಬೂದಾಣಿಯಂತೆಯೋ ಕಾಣುವ ಈ ಗುಳ್ಳೆಗಳನ್ನು ಗ್ರೀಕರ ಅರಿಸ್ಟಾಟಲನೇ ಬಲ್ಲನು. ಹಂದಿಯ ನಾಲಗೆಯನ್ನು ಹಿಡಿದು ನೋಡುವ ಪರೀಕ್ಷೆಯೂ ಅಷ್ಟೇ ಹಳೆಯದು. ಆದರೆ ಈ ಗುಳ್ಳೆಗೂ ಮನುಷ್ಯನ ಕರುಳಿನ ಲಾಡಿಹುಳುವಿಗೂ ಇರುವ ನಂಟನ್ನು ಜರ್ಮನಿಯ ಕ್ಯೂಖನ್‌ಮೈಸ್ಟರನು 1855ರಲ್ಲಿ ಪ್ರಯೋಗದಿಂದ ತೋರಿಸುವವರೆಗೆ ಯಾರಿಗೂ ತಿಳಿದಿರಲಿಲ್ಲ. ಸುತ್ತು ಹೀಗಿದೆ. ಹುಳುವಿರುವ ಮನುಷ್ಯನ ಮಲವನ್ನು ಹಂದಿ ತಿನ್ನುತ್ತದೆ. ಅದರ ಮಾಂಸದಲ್ಲಿ ಗುಳ್ಳೆಗಳಾಗುತ್ತವೆ. ಸರಿಯಾಗಿ ಬೇಯದ ಆ ಮಾಂಸವನ್ನು ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ತತ್ತಿಗಳು ಕೈಯಿಂದಲೋ ನೀರಿನಿಂದಲೋ ತೊಳೆಯದ ಕಾಯಿಪಲ್ಯದಿಂದಲೋ ಇನ್ನೊಬ್ಬನ ಹೊಟ್ಟೆಯನ್ನು ಸೇರಿದರೆ ಅವನ ಮಿದುಳಿನಲ್ಲಿಯೇ ಗುಳ್ಳೆಯಾಗಬಹುದು. ಹಂದಿಯನ್ನು ಜನ್ಮದಲ್ಲಿ ಮುಟ್ಟದವನಿಗೂ, ಕಟ್ಟಾ ಶಾಕಾಹಾರಿಗೂ ಈ ಮೂರ್ಛೆ ಬರುವುದು ಹೀಗೆ. ಕೇರಿಯ ಹಂದಿಯು ಏನನ್ನು ತಿನ್ನುತ್ತದೆಂಬುದು ಕೇರಿಯವರ ಚಿಂತೆ ಮಾತ್ರವೆಂದು ಅಗ್ರಹಾರದವರು ತಿಳಿದಿದ್ದರು. ಪ್ರಕೃತಿಯು ಆ ಗಡಿಯನ್ನು ಮನ್ನಿಸಲಿಲ್ಲ.

ಆದ್ದರಿಂದ ಒಳ್ಳೆಯ ಮಾಂಸವೆಂಬುದು ಬರಿಯ ರುಚಿಯ ಪ್ರಶ್ನೆಯಲ್ಲ. ಸ್ವಾತಂತ್ರ್ಯಾನಂತರ ಸರಕಾರವು ಇದನ್ನು ಮನಗಂಡಿತು. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಬಂಗಾಳದ ಹರಿಣಘಟ್ಟ, ಮುಂಬಯಿಯ ಬೋರಿವಲಿ, ಆಂಧ್ರದ ಗನ್ನವರಂ ಮೊದಲಾದೆಡೆ ಬೇಕನ್ ಕಾರ್ಖಾನೆಗಳು ಎದ್ದವು. ಲಾರ್ಜ್ ವೈಟ್ ಯಾರ್ಕ್‌ಷೈರ್ ಎಂಬ ಬಿಳಿಯ ತಳಿಯು ಹಳ್ಳಿಗಳಿಗೆ ಬಂದಿತು. 2002ರಲ್ಲಿ ಗುವಾಹಾಟಿಯಲ್ಲಿ ಹಂದಿಯ ಸಂಶೋಧನೆಗಾಗಿಯೇ ಒಂದು ರಾಷ್ಟ್ರೀಯ ಕೇಂದ್ರ ಸ್ಥಾಪಿತವಾಯಿತು. ಈ ಬಿಳಿಯ ತಳಿಯ ಹಂದಿಗೆ ಕೊಟ್ಟಿಗೆಯಲ್ಲಿ ಜೋಳ, ಗೋವಿನಜೋಳ, ತೌಡು, ಹಿಂಡಿಗಳನ್ನು ಹಾಕಿದರೆ ವರ್ಷ ತುಂಬುವ ಮೊದಲೇ ಉದ್ದನೆಯ ಮೈ, ದಪ್ಪನೆಯ ಹೊಟ್ಟೆಯ ಪದರು ಬರುತ್ತದೆ. ಬೀದಿಯ ಕರಿಯ ಹಂದಿಯು ನಿಧಾನವಾಗಿ ಬೆಳೆಯುತ್ತದೆ, ಅದರ ಹೊಟ್ಟೆ ತೆಳು. ಇದು ಜಾತಿಯ ದೋಷವೆನ್ನುವುದಕ್ಕಿಂತ ಮೇವಿನ ದೋಷವೆನ್ನುವುದು ಹೆಚ್ಚು ಸರಿ. ಅದೇ ಕರಿಯ ಹಂದಿಗೆ ಕಾಳು ಹಾಕಿದವರು ಅದರ ನೆಣದ ರುಚಿಯನ್ನು ಹೊಗಳಿದ್ದಾರೆ.

ಇನ್ನು ಮನೆಯಲ್ಲಿ ಬೇಕನ್ ಮಾಡುವವನಿಗೆ ಇತಿಹಾಸವು ಏನನ್ನು ಕಲಿಸುತ್ತದೆ? ನೆಣವು ಬಿಳುಪಾಗಿ ಗಟ್ಟಿಯಾಗಿರಬೇಕು, ಹಳದಿಯಾಗಿಯೋ ಎಣ್ಣೆಯಂತೆಯೋ ಇರಬಾರದು, ಮಾಂಸವು ತಿಳಿಗೆಂಪಾಗಿರಬೇಕು, ತೊಗಲು ಕೂಡಿರಬೇಕು, ಕೊಯ್ದ ಮೈಯಲ್ಲಿ ಕಾಳುಗಳು ಕಾಣಬಾರದು. ನೂರು ಭಾಗ ಮಾಂಸಕ್ಕೆ ಎರಡೂವರೆ ಮೂರು ಭಾಗ ಉಪ್ಪು, ಅದರ ಅರ್ಧದಷ್ಟು ಬೆಲ್ಲ ಹಚ್ಚಿ, ಒಂದು ವಾರ ಶೀತಪೆಟ್ಟಿಗೆಯಲ್ಲಿ ದಿನಕ್ಕೊಮ್ಮೆ ಮಗುಚಿ, ಒಣಗಿಸಿ ಹೊಗೆಯಾಡಿಸಿದರೆ ಕೆಲಸ ಮುಗಿಯಿತು. ಹುಳುವಿನ ವಿಷಯದಲ್ಲಿ ಮಾತ್ರ ಉಪ್ಪನ್ನೂ ಹೊಗೆಯನ್ನೂ ನಂಬದೆ, ತಿನ್ನುವ ಮೊದಲು ಒಳಗಿನವರೆಗೂ ಕಾಯಿಸಬೇಕು. ಇವೆಲ್ಲ ಒಂದು ಪುಟದಲ್ಲಿ ಬರೆದು ಮುಗಿಸಬಹುದಾದ ನಿಯಮಗಳು. ಆದರೆ ಕಟುಕನ ಹಲಗೆಯ ಮೇಲೆ ಬಂದ ಮಾಂಸವನ್ನು ನೋಡಿ ಅರ್ಧವನ್ನು ಮಾತ್ರ ತಿಳಿಯಬಹುದು. ಉಳಿದರ್ಧವನ್ನು ತಿಳಿಯಬೇಕಾದರೆ ಹಂದಿಯು ಎಲ್ಲಿ ಮಲಗಿತ್ತು, ಏನನ್ನು ತಿಂದಿತ್ತು, ಯಾರು ಸಾಕಿದರು ಎಂದು ಕೇಳುತ್ತ ಅವನ ಕೊಟ್ಟಿಗೆಯವರೆಗೆ ಹೋಗಬೇಕು.

ಅಲ್ಲಿಗೆ ಹೋದವನು ಸಾಕುವವನೊಡನೆ ಸಮಾನನಾಗಿ ಕುಳಿತು ಮಾತಾಡಬೇಕಾಗುತ್ತದೆ, ಕಾಳಿನ ಬೆಲೆಯನ್ನು ಸೇರಿಸಿ ಹಣ ಕೊಡಬೇಕಾಗುತ್ತದೆ. ವಿಜಯನಗರದ ಕೊಳ್ಳುವವನು ಒಂದು ಹಂದಿಗೆ ಎರಡು ಮೂರು ಕುರಿಗಳ ಬೆಲೆಯನ್ನು ಕೊಟ್ಟನು. ಅದಕ್ಕೆ ತಕ್ಕಂತೆ ಬಿಳಿಯ ನಿರ್ಮಲವಾದ ಮಾಂಸವನ್ನು ಪಡೆದನು. ನಾವು ಸಾಕುವವನಿಗೆ ಊರ ಹೊರಗಿನ ಹೊಲಸನ್ನಷ್ಟೇ ಕೊಟ್ಟೆವು. ಅದಕ್ಕೆ ತಕ್ಕ ಫಲವನ್ನೂ ಪಡೆದೆವು. ವರಾಹನನ್ನು ಗುಹೆಯ ಗೋಡೆಯಲ್ಲಿ ಕೆತ್ತಿ, ನಾಣ್ಯಕ್ಕೆ ಅವನ ಹೆಸರಿಟ್ಟು, ಪೊನ್ನವಾಡದ ಬಸದಿಗೆ ದತ್ತಿ ಬಿಟ್ಟ ಅರಸುಮನೆತನವು ಹಂದಿಯ ಅಡುಗೆಯನ್ನು ಬರೆದಿಡಲು ನಾಚಲಿಲ್ಲ. ಒಬ್ಬನು ತಿನ್ನಲಿ, ಇನ್ನೊಬ್ಬನು ಬಿಡಲಿ. ಅದು ಅವರವರ ಇಷ್ಟ. ಹಂದಿಯನ್ನು ಕೊಟ್ಟಿಗೆಗೂ, ಸಾಕುವವನನ್ನು ಊರೊಳಕ್ಕೂ ಕರೆತರುವುದು ಮಾತ್ರ ಇಬ್ಬರ ಹಿತಕ್ಕೂ ಸೇರಿದ ಕೆಲಸ.